ನಡುವಿನ ಬಾಗಿಲು

"ನಿಲ್ಲು! ಇದು ಹುಡುಗರ ಬಾಗಿಲು," ಎಂದು ಮೇಷ್ಟ್ರು ಟ್ರೆಗೆಲ್ಲಸ್ ಬೆತ್ತ ಅಡ್ಡ ಹಿಡಿದರು. ಟ್ಯಾಮ್ಸಿನ್ ನಿಂತಳು. ಕಾರ್ನ್‌ವಾಲಿನ ತವರದ ಗಣಿಯಲ್ಲಿ ಕಾಲು ಜಜ್ಜಿಹೋಗಿದ್ದ ತಮ್ಮ ಜೋಬ್ ಅವಳ ಬೆನ್ನ ಮೇಲಿದ್ದ. ಬಾಗಿಲ ನೆತ್ತಿಯ ಕಲ್ಲಿನಲ್ಲಿ ‘ಬಾಲಕರು’ ಎಂದು ಆಳವಾಗಿ ಕೆತ್ತಿತ್ತು. ಶಾಲೆಯ ಆ ತುದಿಯ ಬಾಗಿಲ ಮೇಲೆ ‘ಬಾಲಕಿಯರು’.

"ಹಾಗಾದ್ರೆ ಆ ಕಡೆಯಿಂದ ಕರ್ಕೊಂಡು ಹೋಗ್ತೀನಿ, ಸಾರ್."

"ಹೆಣ್ಮಕ್ಕಳ ಬಾಗಿಲಲ್ಲಿ ಗಂಡುಹುಡುಗನಾ? ಕೂಡದು! ಇಲ್ಲೇ ಇಳಿಸು. ತೆವಳ್ಕೊಂಡು ಬರ್ಲಿ."

ಸುತ್ತಲಿದ್ದ ಹುಡುಗರು ಕಿಸಕ್ಕನೆ ನಕ್ಕರು. "ಇಳಿಸ್ಬಿಡಕ್ಕಾ," ಎಂದು ಜೋಬ್ ಪಿಸುಗುಟ್ಟಿದ. ಅವನ ಕಣ್ಣೀರು ಅವಳ ಕತ್ತಿಗೆ ತಾಗಿತು. "ಸುಮ್ನಿರೋ," ಎಂದವಳು ಅವನನ್ನು ಇನ್ನಷ್ಟು ಬಿಗಿಯಾಗಿ ಹೊತ್ತುಕೊಂಡಳು.

ಎರಡೂ ಬಾಗಿಲುಗಳ ನಡುವೆ, ಗಂಟೆಗೋಪುರದ ಬುಡದಲ್ಲಿ, ಚೂಪು ಕಮಾನಿನ ದೊಡ್ಡ ಬಾಗಿಲೊಂದಿತ್ತು. ಪಾದ್ರಿಗಳು, ಗಣಿಯ ಧಣಿಗಳು ಬಂದಾಗ ಮಾತ್ರ ಮೇಷ್ಟ್ರು ಅದನ್ನು ತೆರೆದು ಬಗ್ಗಿ ನಿಲ್ಲುತ್ತಿದ್ದರು. ಟ್ಯಾಮ್ಸಿನ್ ನೇರವಾಗಿ ಅದರ ಮೆಟ್ಟಿಲು ಹತ್ತಿದಳು.

"ಏಯ್! ಅದು ದೊಡ್ಡೋರ ಬಾಗಿಲು ಕಣೇ!"

"ಹಾಗಂತ ಇಲ್ಲೆಲ್ಲೂ ಕೆತ್ತಿಲ್ವಲ್ಲ, ಸಾರ್," ಎಂದು ಟ್ಯಾಮ್ಸಿನ್ ಬಾಗಿಲಿಗೆ ಭುಜ ಕೊಟ್ಟು ದಬ್ಬಿದಳು.