ಮಾಂಸ ತೊಳೆದ ನೀರು

ಬೀರಿ ಅಕ್ಕಚ್ಚಿನ ಬಕೆಟ್ಟನ್ನು ತೊಟ್ಟಿಗೆ ಬಗ್ಗಿಸುವಷ್ಟರಲ್ಲಿ, ಲಸಿಕೆ ಹಾಕಲು ಬೊಬ್ರುವಾಡಕ್ಕೆ ಬಂದಿದ್ದ ಪಶುವೈದ್ಯೆ ವಿದ್ಯಾ ಅವಳ ಕೈ ಹಿಡಿದಳು. ಗಬ್ಬದ ಹಂದಿ ತೊಟ್ಟಿಯಲ್ಲಿ ಮೂತಿಯಿಟ್ಟು ಕಾಯುತ್ತಿತ್ತು.

“ನೀರು ಎಂತಕ್ಕೆ ಕೆಂಪಗಿದೆ, ಬೀರಕ್ಕ?”

“ಅಮದಳ್ಳಿ ಅಣ್ಣ ಹಂದಿ ಕಡ್ದು ಪಾಲು ಕಳ್ಸಿದ್ದ. ಮಾಂಸ ತೊಳ್ದ ನೀರು. ಚೆಲ್ಲೂಕೆ ನಾನೇನ್ ಸಾವ್ಕಾರ್ತಿಯಾ?”

“ಒಳ್ಳೇ ಹಂದಿ ಯಾಕೆ ಕಡ್ದ?”

“ಮೇವು ಬಿಟ್ಟಿತ್ತಂತೆ. ಸಾಯೂದ್ರೊಳಗೆ ಕಡ್ದ.”

“ಅದಕ್ಕೆ ಹಂದಿಜ್ವರ ಬಂದಿದ್ರೆ ರೋಗ ಈ ನೀರಲ್ಲೇ ಇರ್ತದೆ. ಕುದಿಸದೆ ಹಾಕಿದ್ರೆ ತಾಯಿನೂ ಉಳಿಯೂದಿಲ್ಲ, ಹೊಟ್ಟೆಯ ಮರಿನೂ ಉಳಿಯೂದಿಲ್ಲ.”

ಬೀರಿ ಬಕೆಟ್ಟನ್ನು ದೂರವಿಟ್ಟಳು. ಹಿಂದಿನ ವರ್ಷ, ೨೦೦೫ರಲ್ಲಿ, ಇದೇ ಗೂಡಿನಲ್ಲಿ ಏಳು ದಿನಗಳಲ್ಲಿ ನಾಲ್ಕು ಗಬ್ಬದ ಹಂದಿಗಳು ಸತ್ತಿದ್ದವು. ಪಕ್ಕದ ಮನೆಯ ಚಂಪಾಳ ಕಣ್ಣು ತಾಗಿತೆಂದು ಎಲ್ಲರಿಗೂ ಹೇಳಿ, ಬೀರಿ ಅಂದಿನಿಂದ ಅವಳ ಮುಖ ನೋಡಿರಲಿಲ್ಲ. ಆ ಸಾವುಗಳಿಗೆ ಒಂದು ವಾರ ಮೊದಲೂ ಅಣ್ಣನಿಂದ ಪಾಲು ಬಂದಿತ್ತು. ಆ ನೀರನ್ನೂ ಅವಳೇ ಹಾಕಿದ್ದಳು. ನಾಲ್ಕೂ ಹಂದಿಗಳು ಒಂದು ಹನಿ ಬಿಡದೆ ಕುಡಿದು, ಇನ್ನೂ ಬೇಕೆಂದು ಅವಳ ಬೆರಳು ನೆಕ್ಕಿದ್ದವು.

ಹಸಿದ ಹಂದಿ ಈಗ ಅವಳ ಕೈ ಮೂಸಲು ಬಂತು. ಬೀರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಎಳೆದುಕೊಂಡಳು.