ಮೂರು ಇಳಿತದ ಕನ್ನಡಿ

ಟವೆಲ್ಲಿನಲ್ಲಿ ಸುತ್ತಿ ತಂದ ಕನ್ನಡಿಯನ್ನು ಬಾಗಿಲಾಚೆಯೇ ತಡಿಕೆಯ ಗೋಡೆಗೆ ಒರಗಿಸಿ, ಚಿಕ್ಕಮುನಿಯಪ್ಪ ಏನೂ ಅರಿಯದವನಂತೆ ಒಳಗೆ ಬಂದ. ಬಾಗಿಲಿಗೆ ಬೆನ್ನು ಹಾಕಿ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಕದಿರಮ್ಮ ಹೆಜ್ಜೆಯ ಸದ್ದಿಗೆ ಥಟ್ಟನೆ ತಿರುಗಿದಳು. ಗಂಡನೆಂದು ಗೊತ್ತಾದ ಮೇಲೆ ಉಸಿರು ಬಿಟ್ಟಳು. ದಿನಾ ಇದೇ ಪಾಡು. ಗಣಿಯಿಂದ ಜನ ವಾಪಸು ಬರುವ ಹೊತ್ತಿಗೆ ಓಣಿಯಲ್ಲಿ ಯಾರು ನಡೆದರೂ ಅವಳ ಕತ್ತು ಬಾಗಿಲ ಕಡೆ ತಿರುಗುತ್ತಿತ್ತು, ಮುದ್ದೆ ತಳ ಹಿಡಿಯುತ್ತಿತ್ತು. ಸೀದ ಮುದ್ದೆಯ ಬಗ್ಗೆ ಅವನು ಈವರೆಗೆ ಒಂದು ಮಾತೂ ಆಡಿರಲಿಲ್ಲ.

"ಎಗಲ ಮೇಲಿನ ಟವೆಲ್ ಎಲ್ಲಿ?"

ಸಿಕ್ಕಿಬಿದ್ದ. ಮೂರು ಸಾವಿರ ಅಡಿ ಕೆಳಗೆ, ತಲೆಯ ಮೇಲಿನ ಕಲ್ಲು ಕುಸಿಯದಂತೆ ಮರ ಕಟ್ಟುವ ಗಂಡಸು, ಹೆಂಡತಿಯ ಮುಂದೆ ಮಾತ್ರ ಬೆಲ್ಲ ಕದ್ದ ಹುಡುಗನ ಹಾಗೆ ನಿಲ್ಲುತ್ತಿದ್ದ. ತಲೆ ಕೆರೆದುಕೊಂಡು ಹೊರಗೆ ಹೋಗಿ ಕನ್ನಡಿಯನ್ನು ಹೊತ್ತುತಂದ. ಮೊಳದುದ್ದದ ಕನ್ನಡಿ, ಸುತ್ತ ತೇಗದ ಕಟ್ಟು.

"ಬಂಗ್ಲೆ ದೊರೆ ಸೀಮೆಗೆ ಒಂಟೋದ. ರಾಬರ್ಟ್‌ಸನ್‌ಪೇಟೆನಾಗೆ ಸಾಮಾನೆಲ್ಲ ಅರಾಜು ಆಕಿದ್ರು. ಎಲ್ಡೂಕಾಲು ರೂಪಾಯಿ, ಅಷ್ಟೇ."

"ಮೂರು ಇಳಿತ," ಎಂದಳು ಕದಿರಮ್ಮ.

ಆ ಮನೆಯ ಲೆಕ್ಕವೇ ಹಾಗಿತ್ತು, ಒಂದು ಇಳಿತಕ್ಕೆ ಮುಕ್ಕಾಲು ರೂಪಾಯಿ. ಬಂಗಲೆಗಳ ಅಂಗಳ ಗುಡಿಸಿ ಅವಳು ತರುವ ಕೂಲಿಯಲ್ಲಿ ರಾಗಿ, ಉಪ್ಪು, ಸೀಮೆಎಣ್ಣೆ. ಅವನ ಸಂಬಳ ಪೂರ್ತಿ ಡಬ್ಬಿಗೆ. ಕಾಮಸಮುದ್ರದ ಹತ್ತಿರ ಎರಡೆಕರೆ ಹೊಲ ನೋಡಿಟ್ಟಿದ್ದರು. ಅದಕ್ಕೆ ಬೇಕಾದ ದುಡ್ಡನ್ನು ಕದಿರಮ್ಮ ರೂಪಾಯಿಯಲ್ಲಿ ಎಣಿಸಲಿಲ್ಲ. ಗಂಡ ಇನ್ನೆಷ್ಟು ಸಲ ಕಬ್ಬಿಣದ ಕೇಜು ಹತ್ತಿ ಗಣಿಯೊಳಕ್ಕೆ ಇಳಿಯಬೇಕು ಎಂದು ಎಣಿಸಿ, ಅಷ್ಟು ಹುಣಸೆಬೀಜ ಗಡಿಗೆಗೆ ಹಾಕಿಟ್ಟಿದ್ದಳು. ಅವನು ಮನೆಗೆ ಬಂದ ಮೇಲೆ ದಿನಾ ಒಂದು ಬೀಜ ತೆಗೆದು ಒಲೆಗೆ ಎಸೆಯುವಳು. ಗಡಿಗೆ ಬರಿದಾದ ದಿನ ಅವನು ಗಣಿಗೆ ಬೆನ್ನು ತಿರುಗಿಸಬೇಕು. ಬೇಡದ್ದು ಏನಾದರೂ ಕೊಂಡರೆ ಅದರ ಬೆಲೆಯಷ್ಟು ಹೊಸ ಬೀಜ ಗಡಿಗೆಗೆ ಬೀಳುತ್ತಿತ್ತು. ಹಾಗಾಗಿ ಮನೆಯಲ್ಲಿ ಇದ್ದದ್ದು ಎರಡು ತಟ್ಟೆ, ಎರಡು ಚಾಪೆ, ಒಂದು ಬಿಂದಿಗೆ, ಒಂದು ಟ್ರಂಕು. "ನಿನ್ ಮನೇಲಿ ಬೆಕ್ಕು ಬಚ್ಚಿಟ್ಕೊಳ್ಳೋಕೂ ಜಾಗ ಇಲ್ಲ ಕಣಮ್ಮೀ," ಎಂದು ಪಕ್ಕದ ಮನೆಯ ಅಮ್ಮಾಜಮ್ಮ ಹಂಗಿಸುತ್ತಿದ್ದಳು. ಹಬ್ಬಕ್ಕೆ ಸೀರೆ ತರುತ್ತೇನೆಂದು ಗಂಡ ಅಂದಾಗಲೂ, "ಎಂಟು ಇಳಿತ, ಬ್ಯಾಡ," ಎಂದು ಅವಳೇ ತಡೆದಿದ್ದಳು.

ಈಗ ಕದಿರಮ್ಮ ಎತ್ತಿಟ್ಟಿದ್ದ ಹುಣಸೆಬೀಜಗಳಲ್ಲಿ ಮೂರು ಆರಿಸಿ ಗಡಿಗೆಯ ಕಡೆ ಕೈ ಚಾಚಿದಳು.

"ತಡಿಯೇ! ಆಕಬೇಡ. ಆ ಮೂರು ಆಗ್ಲೇ ಇಳಿದಾಯ್ತು."

"ಯಾವಾಗ?"

"ಕಳೆದ ಮೂರು ಭಾನುವಾರ. ನಮ್ ಪಾಳಿ ಪೆರುಮಾಳ್ ಮನೆಗೆ ಓಗ್ಬತ್ತೀನಿ ಅಂತಿರ್ಲಿಲ್ವಾ? ಗಣೀನಾಗೆ ರಿಪೇರಿ ಕೆಲ್ಸ ಇತ್ತು, ಓಗಿದ್ದೆ." ಕನ್ನಡಿಯನ್ನು ಟವೆಲ್ಲಿನಿಂದ ಒರೆಸುತ್ತ ಮುಂದುವರಿಸಿದ. "ಬಿಂದಿಗೆ ನೀರಾಗೆ ನೋಡ್ಕಂಡು ಕುಂಕುಮ ಇಟ್ಕೊಂತೀಯ. ಒಂದ್ ದಿನಾನಾದ್ರೂ ನೆಟ್ಟಗಿರ್ತದಾ? ಅದಕ್ಕೇ ತಂದೆ."

ಬೈಗುಳ ಬರುತ್ತದೆಂದು ಅವನು ಕಾದ. ಬರಲಿಲ್ಲ. ಕದಿರಮ್ಮ ಬೀಜಗಳನ್ನು ಅಂಗೈಯಲ್ಲೇ ಹಿಡಿದು ಕೂತುಬಿಟ್ಟಳು.

"ಒಂದು ಭಾನುವಾರ ಅಮ್ಮಾಜಮ್ಮನ ಜೊತೆ ಚೌಕಾಬಾರ ಆಡ್ತಿದ್ದೆ," ಎಂದಳು ಮೆಲ್ಲಗೆ. "ಇನ್ನೊಂದು ಭಾನುವಾರ ತಲೆಗೆ ಎಣ್ಣೆ ಒತ್ಕಂಡು ನಿದ್ದೆ ಮಾಡ್ದೆ. ನೀನು ಕೆಳಗಿದ್ದೆ."

"ಏನೂ ಆಗ್ಲಿಲ್ವಲ್ಲೇ!"

"ಆಗ್ಲಿಲ್ಲ. ಆದ್ರೆ ನಾನು ಕಾಯ್ಲಿಲ್ಲ."

ಅವನು ಕನ್ನಡಿಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತತೊಡಗಿದ. ಹೆಂಡತಿಯ ಮೇಲೆ ಎಷ್ಟು ಪ್ರೀತಿ ಉಕ್ಕಿಬಂತೋ ಅಷ್ಟೇ ತಪ್ಪು ಮಾಡಿದಂತೆಯೂ ಅನಿಸಿತು. "ಮಾರ್ಬಿಡ್ಲಾ?" ಎಂದ.

"ಬಾಯ್ಮುಚ್ಕಂಡು ಉಣ್ಣು. ಇನ್ಮೇಲೆ ನಂಗ್ ಗೊತ್ತಿಲ್ದಂಗೆ ಒಂದ್ ಸಲಾನೂ ಇಳೀಬೇಡ."

ಮುದ್ದೆ ಅವತ್ತು ಚೆನ್ನಾಗಿಯೇ ಸೀದಿತ್ತು. ಚಿಕ್ಕಮುನಿಯಪ್ಪ ತುಟಿ ಪಿಟಕ್ಕೆನ್ನದೆ ಉಂಡ.

ಮರುದಿನ ಪಾಳಿ ಮುಗಿಸಿ ಓಣಿಯ ತಿರುವು ದಾಟಿದನೋ ಇಲ್ಲವೋ, ಒಳಗಿಂದ ಅವಳ ದನಿ ಕೇಳಿತು. "ಬಂದ್ಯಾ? ಕೈಕಾಲ್ ತೊಳ್ಕೋ."

ಬಾಗಿಲಲ್ಲಿ ನಿಂತು ನೋಡಿದರೆ ಅವಳು ಈ ಕಡೆ ತಿರುಗಿಯೇ ಇರಲಿಲ್ಲ, ಒಲೆಯ ಮುಂದೆ ಎಂದಿನಂತೆ ಬೆನ್ನು ಹಾಕಿ ಕೂತಿದ್ದಳು. ಕನ್ನಡಿ ಒಲೆಯ ಪಕ್ಕದ ತಡಿಕೆಗೆ, ಸೊಂಟದೆತ್ತರಕ್ಕೆ, ಸ್ವಲ್ಪ ಓರೆಯಾಗಿ ನೇತಾಡುತ್ತಿತ್ತು.

"ಅಲ್ವೇ, ಅಷ್ಟು ಕೆಳಗೆ ಕಟ್ಟಿದ್ರೆ ಮಕ ಎಂಗೆ ಕಾಣ್ತದೆ? ಒಗೆ ಬೇರೆ ಇಡೀತದೆ."

"ದಿನಾ ಒರಸ್ತೀನಿ. ಇಲ್ಲಿ ಬಂದು ಕೂತ್ಕಂಡು ನೋಡು."

ಅವಳು ಪಕ್ಕಕ್ಕೆ ಸರಿದಳು. ಅವಳ ಜಾಗದಲ್ಲಿ ಕೂತು ಅವನು ಕನ್ನಡಿಗೆ ಕಣ್ಣು ಕೊಟ್ಟ. ಅವನ ಮುಖ ಅದರಲ್ಲಿ ಇರಲಿಲ್ಲ. ತೆರೆದ ಬಾಗಿಲು ಇತ್ತು, ಬಾಗಿಲಾಚೆ ಓಣಿ, ಓಣಿಯ ತುದಿಗೆ ಗಣಿಯ ಜನ ನಡೆದುಬರುವ ತಿರುವು.

ಕದಿರಮ್ಮ ಗಡಿಗೆಯಿಂದ ಒಂದು ಬೀಜ ತೆಗೆದು ಒಲೆಗೆ ಹಾಕಿ, ತಟ್ಟೆ ಮುಂದಿಟ್ಟಳು. ಅವಳ ಹಣೆಯ ಕುಂಕುಮ ಇವತ್ತೂ ವಾರೆಯಾಗಿತ್ತು. ಮುದ್ದೆ ಮಾತ್ರ ತಳ ಹಿಡಿದಿರಲಿಲ್ಲ.