ಹತ್ತು ದಿನಕ್ಕೆ ನಿಲ್ಲಿಸಿದ ಬೈಕು

ಬೈಕಿಗೆ ಯಾರೋ ಕೈ ಹಾಕಿದ್ದಾರೆ. ಶೆಡ್ಡಿನ ಬಾಗಿಲು ತೆರೆದು ಹೊದಿಕೆ ಎಳೆದ ಕೂಡಲೇ ಅವಳಿಗೆ ಗೊತ್ತಾಯಿತು.

ಬ್ಯಾಟರಿಯ ವೈರು ಬಿಚ್ಚಿತ್ತು. ಸೈಲೆನ್ಸರಿನ ಬಾಯಿಗೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ತುರುಕಿದ್ದರು. ಅದೂ ಅವಳ ಹೊಲಿಗೆ ಮಷೀನಿನ ಕೆಳಗಿನ ಚೂರುಬಟ್ಟೆಯ ಗಂಟಿನದೇ, ನೀಲಿ ಲೈನಿಂಗು. ಹದಿನೆಂಟು ವರ್ಷದಿಂದ ಬಟ್ಟೆ ಹೊಲಿಯುವವಳಿಗೆ ಅಷ್ಟು ಗುರುತು ಸಿಗದೆ ಇರುತ್ತದೆಯೇ? ವೈರು ಸಿಕ್ಕಿಸಿ, ಬಟ್ಟೆ ಕಿತ್ತೆಸೆದು ಕಿಕ್ಕರ್ ಒದ್ದಳು. ಒದ್ದೂ ಒದ್ದೂ ಕಾಲು ಸೋತಿತೇ ಹೊರತು ಎಂಜಿನ್ ಉಸಿರೆತ್ತಲಿಲ್ಲ.

ಶೆಡ್ಡಿಗಿರುವುದು ಎರಡೇ ಬೀಗದ ಕೈ. ಒಂದು ಅವಳ ಹತ್ತಿರ, ಇನ್ನೊಂದು ಮೈದುನನ ಹತ್ತಿರ. ಅಣ್ಣನ ಬೈಕು ತನಗೆ ಕೊಡುತ್ತೀರಾ ಎಂದು ಅವನು ಹೋದ ವಾರವಷ್ಟೇ ಕೇಳಿದ್ದ. ಅವಳು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಅಷ್ಟಕ್ಕೇ ಬೈಕು ಕೆಡಿಸಿಡುವುದೇ? ಅವಳು ಫೋನ್ ಮಾಡಿ, ಬೀದಿಯ ಕೊನೆಯ ಗ್ಯಾರೇಜಿಗೆ ಬಾ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಇಬ್ಬರಿಗೂ ನೆಟ್ಟಗೆ ಮಾತಿಲ್ಲದೆ ನಾಲ್ಕು ತಿಂಗಳಾಗಿತ್ತು. ಚಳಿಗಾಲದ ಮೊದಲಲ್ಲಿ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದು, ಗಂಡನಿಗೆ ಇನ್ನು ಹೆಚ್ಚೆಂದರೆ ಒಂದು ತಿಂಗಳು ಎಂದಿದ್ದರು. ಅವಳು ಮುಖ ತೊಳೆದುಕೊಂಡು ಹೊರಗೆ ಬಂದು, ಹತ್ತು ದಿನ ಅಡ್ಮಿಟ್ ಆದರೆ ಸಾಕಂತೆ ಎಂದು ಗಂಡನಿಗೆ ನಗುತ್ತಾ ಹೇಳಿದಳು. ನಿಜ ಹೇಳಿಬಿಡಿ ಎಂದು ಮೈದುನ ಗೋಗರೆದ. ಅಣ್ಣನಿಗೂ ಹೇಳಿಕೊಳ್ಳುವುದು ಏನಾದರೂ ಇರುತ್ತದಲ್ಲ ಎಂದ. ಅವಳು ಅವನಿಂದ ಆಣೆ ಮಾಡಿಸಿಕೊಂಡು ಬಾಯಿ ಕಟ್ಟಿದಳು.

ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ಗಂಡ ಬೈಕಿನಲ್ಲಿ ಒಂದು ಸುತ್ತು ಹೋಗಿಬಂದಿದ್ದ. ಬೆಳಿಗ್ಗೆ ಅವಳು ಬ್ಯಾಗು ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದರೆ, ಶೆಡ್ಡಿನಲ್ಲಿ ಎಂಜಿನ್ ಸುಮ್ಮನೆ ಓಡುತ್ತಲೇ ಇತ್ತು. ಆಮೇಲೆ ಎರಡು ಸಲ ಕೆಮ್ಮಿ ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ಅವನು ಕೈ ಒರೆಸಿಕೊಳ್ಳುತ್ತಾ ಬಂದ.

"ಕೆಟ್ಟುಹೋಯ್ತಾ?" ಎಂದಳು.

"ಇರ್ಲಿ ಬಿಡು, ಹತ್ತೇ ದಿನ ತಾನೆ?" ಅವನು ಅವಳ ಮುಖವನ್ನೇ ನೋಡುತ್ತಾ ನಕ್ಕ. "ನೀನು ಹೇಳಿದ್ಮೇಲೆ ಮುಗೀತು."

ಹತ್ತೊಂಬತ್ತನೆಯ ದಿನ ಅವನು ಹೋಗಿಬಿಟ್ಟ. ಅಲ್ಲಿಯವರೆಗೂ, ಚಳಿ ಕಳೆದ ಮೇಲೆ ಇಬ್ಬರೂ ಬೈಕಿನಲ್ಲಿ ಎಲ್ಲೆಲ್ಲಿ ಹೋಗುವುದು, ಎಲ್ಲಿ ಉಳಿಯುವುದು ಎಂದು ಮಲಗಿದಲ್ಲೇ ದಾರಿ ಹಾಕುತ್ತಿದ್ದ. ಅವಳು ಹೂಂಗುಟ್ಟುತ್ತಿದ್ದಳು. ಹೋಗಿಬರುತ್ತೇನೆ ಎಂಬ ಒಂದು ಮಾತಿಲ್ಲ. ಎಲ್ಲ ಮುಗಿದ ದಿನ ಮೈದುನ, "ಅಣ್ಣನ್ನ ಕತ್ತಲಲ್ಲೇ ಕಳಿಸಿಬಿಟ್ರಿ ಅತ್ತಿಗೆ" ಎಂದ. ಆ ಮಾತಿಗಾಗಿ ಅವಳು ಅವನನ್ನು ಕ್ಷಮಿಸಲಿಲ್ಲ. ಯಾಕೆಂದರೆ ಅದು ನಿಜವಾಗಿತ್ತು. ತನ್ನನ್ನು ನಂಬಿದವನಿಗೆ ಸುಳ್ಳು ಹೇಳಿ, ಅವನ ಕೊನೆಯ ಮಾತುಗಳನ್ನು ಅವಳೇ ಕದ್ದಿದ್ದಳು.

ಬೈಕು ತಳ್ಳಿಕೊಂಡು ಗ್ಯಾರೇಜು ಮುಟ್ಟುವಷ್ಟರಲ್ಲಿ ಅವಳಿಗೆ ಏದುಸಿರು. ಗಂಡ ತನ್ನ ಬೈಕನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ, ಹಾಗಾಗಿ ಅಲ್ಲಿಯ ಮುದುಕ ಮೆಕ್ಯಾನಿಕ್‌ಗೆ ಅವನ ಪರಿಚಯವಿರಲಿಲ್ಲ. ಯಾರು ನಿಲ್ಲಿಸಿದ್ದು ಎಂದು ಕೇಳಿದ. ನಮ್ಮನೆಯವರು, ಈಗ ಊರಲ್ಲಿಲ್ಲ ಎಂದಳು. ಸುಳ್ಳು ಈಗ ಅವಳಿಗೆ ಸಲೀಸು.

"ಹತ್ತು ದಿನಕ್ಕೆ ಅಂತ ನಿಲ್ಲಿಸಿದ್ದು. ನಾಲ್ಕು ತಿಂಗಳಾಯ್ತು."

ಮುದುಕ ನಕ್ಕ. ಎಲ್ಲರದ್ದೂ ಇದೇ ಕಥೆಯಂತೆ. ನಾಳೆ ತೆಗೆದರಾಯಿತು ಎಂದು ನಿಲ್ಲಿಸುತ್ತಾರೆ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಗೋಂದಾಗಿ ಕಚ್ಚಿಕೊಳ್ಳುತ್ತದೆ, ಚಳಿಗಾಲ ಮುಗಿದರೆ ಅವನಿಗೆ ಕೈತುಂಬ ಕೆಲಸ. ಅವನು ಸ್ಟೂಲೆಳೆದುಕೊಂಡು ಕಾರ್ಬ್ಯುರೇಟರ್ ಬಿಚ್ಚತೊಡಗಿದ.

ಅಷ್ಟರಲ್ಲಿ ಮೈದುನ ಬಂದ. ಅವಳು ನಾಲ್ಕು ತಿಂಗಳಿನದನ್ನೆಲ್ಲ ಸೇರಿಸಿ ಅವನ ಮೇಲೆ ಹರಿಹಾಯ್ದಳು. ತಾನು ಶೆಡ್ಡಿಗೆ ಕಾಲೇ ಇಟ್ಟಿಲ್ಲ ಎಂದು ಅವನು ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ.

ಮುದುಕ ಕಾರ್ಬ್ಯುರೇಟರಿನ ತಳದ ಬಟ್ಟಲನ್ನು ಬೆಳಕಿಗೆ ಹಿಡಿದ. ಬೆರಳಿಂದ ಒರೆಸಿ ನೋಡಿದ. ಒಣಗಿತ್ತು, ತೊಳೆದಿಟ್ಟ ಲೋಟದಷ್ಟು ಚೊಕ್ಕ. ಟ್ಯಾಂಕಿನ ಮುಚ್ಚಳ ತೆಗೆದ. ಪೆಟ್ರೋಲು ಕಂಠಮಟ್ಟ ತುಂಬಿತ್ತು. ವೈರು, ಬಟ್ಟೆ ಎಲ್ಲವನ್ನೂ ಅವಳು ಹೇಳಿದಳು.

"ಯಾರೋ ಬೇಕಂತಲೇ ಮಾಡಿದ್ದಾರೆ, ಅಲ್ವಾ?"

"ಹೌದಮ್ಮ, ಬೇಕಂತಲೇ."

ಅವಳು ಮೈದುನನತ್ತ ತಿರುಗಿದಳು. ಅವನು ತಲೆ ತಗ್ಗಿಸಿದ್ದ.

"ಬೈತೀರಾ ಯಾಕೆ?" ಎಂದ ಮುದುಕ. "ಮಾಡಿದೋರಿಗೆ ಕೈ ಮುಗೀಬೇಕು."

ಬ್ಯಾಟರಿ ಇಳಿಯದಿರಲಿ ಎಂದು ವೈರು ಬಿಚ್ಚಿದ್ದಾರೆ, ಟ್ಯಾಂಕಿನೊಳಗೆ ತುಕ್ಕು ಹಿಡಿಯದಿರಲಿ ಎಂದು ಪೆಟ್ರೋಲು ತುಂಬಿಸಿದ್ದಾರೆ, ಹೊಗೆಕೊಳವೆಗೆ ತೇವ ಹೋಗದಿರಲಿ ಎಂದು ಬಟ್ಟೆ ಇಟ್ಟಿದ್ದಾರೆ ಎಂದ. ಪೆಟ್ರೋಲ್ ಬರುವ ನಲ್ಲಿಯನ್ನು ಮುಚ್ಚಿ, ಒಳಗಿನ ಕೊನೆಯ ಹನಿ ಉರಿದು ಎಂಜಿನ್ ತಾನಾಗಿಯೇ ನಿಲ್ಲುವವರೆಗೂ ಕಾದಿದ್ದಾರಂತೆ. ತಿಂಗಳುಗಟ್ಟಲೆ ತೆಗೆಯದ ಗಾಡಿಗೆ ಮಾತ್ರ ಇಷ್ಟೆಲ್ಲ ಮಾಡುವುದಂತೆ. ಬಟ್ಟಲನ್ನು ಮತ್ತೆ ಕೂಡಿಸಿ ಅವನು ನಲ್ಲಿ ತಿರುಗಿಸಿದ. ಕಿಕ್ಕರ್‌ಗೆ ಒಂದು ಒದೆ, ಇನ್ನೊಂದು ಒದೆ. ನಾಲ್ಕು ತಿಂಗಳ ಹಿಂದಿನ ಅದೇ ಸದ್ದು ಗ್ಯಾರೇಜಿನ ತುಂಬ ತುಂಬಿಕೊಂಡಿತು. ಅವಳ ಕೈ ಮೈದುನನ ತೋಳು ಹುಡುಕಿ ಹಿಡಿಯಿತು.

"ಹತ್ತು ದಿನ ಅಂತ ನಿಮಗೆ ಯಾರು ಹೇಳಿದ್ರೋ," ಎಂದು ಮುದುಕ ಆ ಸದ್ದಿನಲ್ಲೇ ಗಟ್ಟಿಯಾಗಿ ಹೇಳಿದ, "ಇದನ್ನ ನಿಲ್ಲಿಸಿದೋರಿಗೆ ಮಾತ್ರ ತಾವು ವಾಪಸ್ ಬರಲ್ಲ ಅಂತ ಹೊರಡೋ ಮುಂಚೆನೇ ಗೊತ್ತಿತ್ತು."